ಹಳೇ ಮಡಚು ಚಾಕು: ಅಲಗಿನ ಬುಡದಲ್ಲಿ ‘…ರಾಡ್ಜರ್ಸ್’ ಅಂತ ಅರ್ಧ ಹೆಸರು, ಮಾಡಿದ್ದು ಯಾರು?

ಕಾಫಿಕಣ:
ಮೂರು ಅಲಗಿನ ಮಡಚು ಚಾಕು. ಮುಚ್ಚಿದಾಗ ಉದ್ದ 9 ಸೆಂ.ಮೀ. ಹಿಡಿ ಮೊದಲು ಹಾಲುಬಣ್ಣ ಇದ್ದಿರಬೇಕು, ಈಗ ಹಳದಿ. ಮನೆಯಲ್ಲಿ ಎಲ್ಲರೂ ದಂತ ಅಂತಾರೆ. ಹಿಡಿಯ ಎರಡೂ ತುದಿಗೆ ಬಿಳಿ ಲೋಹದ ತುಂಡು. ದೊಡ್ಡ ಅಲಗಿನ ಬುಡದಲ್ಲಿ ಇಂಗ್ಲಿಷ್ ಅಕ್ಷರಗಳಿವೆ. ಮೊದಲ ಸಾಲಿನ ಕೊನೆಯಲ್ಲಿ ‘ರಾಡ್ಜರ್ಸ್’ ಅಂತ ಓದಬಹುದು, ಅದರ ಹಿಂದಿನದು ತುಕ್ಕಿನಡಿ ಮುಚ್ಚಿಹೋಗಿದೆ. ಎರಡನೇ ಸಾಲು ‘ಶೆಫ್…’. ನೆಟ್‌ನಲ್ಲಿ ಹುಡುಕಿದರೆ ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್ ಅಂತಲೇ ಬರುತ್ತೆ. ಅದೇನಾ? ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಪೂರ್ತಿ ಕಾಣಬಹುದಾ?

ಸಾಣೆಕಲ್ಲು:
ಹುಣಸೆಹಣ್ಣು ಬೇಡ, ನಿಂಬೆಹಣ್ಣೂ ಬೇಡ, ವಿನೆಗರ್ ಮೊದಲೇ ಬೇಡ. ಹಿತ್ತಾಳೆ ದೀಪಕ್ಕೆ ಸರಿ, ಹಳೇ ಕಾರ್ಬನ್ ಉಕ್ಕಿಗೆ ಅಲ್ಲ. ಹುಳಿ ತುಕ್ಕನ್ನು ಮಾತ್ರ ತಿನ್ನೋದಿಲ್ಲ, ಅದರಡಿಯ ಉಕ್ಕನ್ನೂ ತಿನ್ನುತ್ತೆ. ಬುಡದ ಅಚ್ಚು ಕೂದಲೆಳೆಯಷ್ಟು ಆಳ. ಅಕ್ಷರದ ಅಂಚು ಒಮ್ಮೆ ಕರಗಿದರೆ ಆಮೇಲೆ ಯಾರೂ ಓದಲಾರರು.

ಹೀಗೆ ಮಾಡಿ. ಮೂರೂ ಅಲಗು ಬಿಡಿಸಿ. ಬಿಗಿಯಾಗಿದ್ದರೆ ಉಗುರಿನಿಂದ ಜಗ್ಗಬೇಡಿ, ಇಕ್ಕಳವನ್ನಂತೂ ಮುಟ್ಟಲೇಬೇಡಿ. ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು ಒಂದು ರಾತ್ರಿ ಇಡಿ. ಕೊಬ್ಬರಿ ಎಣ್ಣೆ ಹಾಕಬೇಡಿ, ಹಳೆಯದಾದಂತೆ ಅಂಟಾಗಿ ಅಲಗು ಇನ್ನೂ ಬಿಗಿಯಬಹುದು. ಬುಡದ ಮೇಲೂ ಒಂದು ಹನಿ ಬಿಟ್ಟು 24 ಗಂಟೆ ಕಾಯಿರಿ. ಆಮೇಲೆ ಬಿದಿರಿನ ಹಲ್ಲುಕಡ್ಡಿಯ ತುದಿಯನ್ನು ಉಳಿಯಂತೆ ಚಪ್ಪಟೆ ಮಾಡಿಕೊಂಡು ಅಕ್ಷರ ಹೋದ ದಿಕ್ಕಿನಲ್ಲೇ ಮೆಲ್ಲಗೆ ಕೆರೆಯಿರಿ. ಕೆಂಪು ಪುಡಿ ಎದ್ದರೆ ಕಿವಿಗೆ ಹಾಕುವ ಹತ್ತಿ ಕಡ್ಡಿಯಿಂದ ಒರೆಸಿ. ಇದನ್ನೇ ಮೂರು ನಾಲ್ಕು ದಿನ ಮಾಡಬೇಕಾಗುತ್ತೆ, ಅವಸರ ಬೇಡ. ಕೆಂಪು ಹೋಗಲಿ, ಕಪ್ಪು ಇರಲಿ. ಆ ಕಪ್ಪು ಪದರವೇ ಉಕ್ಕನ್ನು ಕಾಯುತ್ತೆ, ಅಚ್ಚನ್ನೂ ಎದ್ದು ಕಾಣಿಸುತ್ತೆ.

ಗುಜರಿಗಣಪ:
ಇಷ್ಟೆಲ್ಲ ಯಾಕೆ? ಡ್ರಿಲ್ ಮಷೀನಿಗೆ ವೈರ್ ಬ್ರಷ್ ಹಾಕಿ, ಎರಡು ನಿಮಿಷದ ಕೆಲಸ. ಫಳಫಳ ಹೊಳೆಯುತ್ತೆ.

ಸಾಣೆಕಲ್ಲು:
ಹೊಳೆಯುತ್ತೆ, ಹೆಸರು ಹೋಗುತ್ತೆ. ಬ್ರಷ್ಷಿನ ತಂತಿ ಮೊದಲು ಉಜ್ಜೋದು ಅಕ್ಷರದ ಅಂಚನ್ನೇ. ಎರಡು ನಿಮಿಷಕ್ಕೆ ‘ಆರ್’ ಯಾವುದು ‘ಬಿ’ ಯಾವುದು ಅಂತ ತಿಳಿಯದ ಹಾಗೆ ಎಲ್ಲ ಅಕ್ಷರಗಳೂ ಗುಂಡಾಗುತ್ತವೆ. ಅದೂ ಅಲ್ಲದೆ ಡ್ರಿಲ್ ಬಿಸಿಗೆ ಹಿಡಿ ಕರಗಬಹುದು, ಈ ಹಿಡಿ ಯಾವುದರದ್ದು ಅಂತ ಇನ್ನೂ ಗೊತ್ತಿಲ್ಲ.

ಅಚ್ಚುಮೊಳೆ:
ತುಕ್ಕು ತೆಗೆಯೋ ಮೊದಲೇ ಓದಲು ಪ್ರಯತ್ನಿಸಿ. ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಅಲಗಿಗೆ ಹೆಚ್ಚುಕಡಿಮೆ ಸಮನಾಗಿ ಮಲಗಿಸಿ ಬೆಳಕು ಬಿಡಿ. ಟಾರ್ಚನ್ನು ಸುತ್ತಲೂ ನಿಧಾನವಾಗಿ ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ಅಕ್ಷರದ ನೆರಳು ಬಿದ್ದು ಹೆಸರು ಮೇಲೆದ್ದು ಬರುತ್ತೆ. ನೇರ ಮೇಲಿನಿಂದ ಫ್ಲ್ಯಾಶ್ ಹಾಕಿ ತೆಗೆದ ಫೋಟೋ ದಂಡ. ಅದಕ್ಕೂ ಬಗ್ಗದಿದ್ದರೆ ಸ್ವಲ್ಪ ವಿಭೂತಿ ಅಥವಾ ಸೀಮೆಸುಣ್ಣದ ಪುಡಿ ಸವರಿ, ಬೆರಳಿನಿಂದ ಒಮ್ಮೆ ಅಡ್ಡ ಒರೆಸಿ. ತಗ್ಗಿನಲ್ಲಿ ಬಿಳಿ ನಿಲ್ಲುತ್ತೆ. ನೋಡಿ ಆದಮೇಲೆ ಪುಡಿ ತೆಗೆದು ಎಣ್ಣೆ ಸವರಿ, ಪುಡಿ ತೇವ ಹೀರಿಕೊಂಡು ಹೊಸ ತುಕ್ಕು ತರುತ್ತೆ. ಅಕ್ಕಸಾಲಿಗರು ಇಟ್ಟುಕೊಳ್ಳುವ 10 ಪಟ್ಟಿನ ಮಸೂರ ಒಂದಿದ್ದರೆ ಸಾಕು.

ಎಲ್ಲಕ್ಕಿಂತ ಮುಖ್ಯ: ಪ್ರತಿ ಅಲಗಿನ ಬುಡದ ಎರಡೂ ಮಗ್ಗುಲು ನೋಡಿ. ಹೆಚ್ಚಿನವರು ಉಗುರು ಹಾಕುವ ಗೀರು ಇರುವ ಕಡೆ ಮಾತ್ರ ನೋಡಿ ಬಿಡುತ್ತಾರೆ.

ಇನ್ನು ಹೆಸರಿನ ವಿಷಯ. ‘ರಾಡ್ಜರ್ಸ್’ ಅಂತ ಕಂಡಾಕ್ಷಣ ಜೋಸೆಫ್ ಅಂದುಕೊಳ್ಳಬೇಡಿ. ಶೆಫೀಲ್ಡ್ ಅಂದರೆ ಇಂಗ್ಲೆಂಡಿನ ಚಾಕು ತಯಾರಕರ ಊರು, ಅಲ್ಲಿ ರಾಡ್ಜರ್ಸ್ ಹೆಸರು ಒಬ್ಬರದ್ದಲ್ಲ. ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್ ಎಲ್ಲರಿಗಿಂತ ದೊಡ್ಡವರು, ವಿಳಾಸ ನಂ. 6 ನಾರ್ಫೋಕ್ ಸ್ಟ್ರೀಟ್. ಅವರ ಗುರುತು ಒಂದು ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆ, ಅಂದರೆ ನಾಲ್ಕು ತೋಳೂ ತುದಿಗೆ ಅಗಲವಾಗಿ ಸೀಳಿರುವಂಥ ಶಿಲುಬೆ. ಈ ಗುರುತು ಅವರಿಗೆ ಸಿಕ್ಕಿದ್ದು 1764ರಲ್ಲಿ. ಶೆಫೀಲ್ಡಿನಲ್ಲಿ ಇಂಥ ಗುರುತು ಕೊಡುತ್ತಿದ್ದದ್ದು 1624ರಲ್ಲಿ ಶುರುವಾದ ಚಾಕುಗಾರರ ಸಂಘ, ಕಟ್ಲರ್ಸ್ ಕಂಪನಿ. ಹೆಸರು ಇಬ್ಬರಿಗೆ ಒಂದೇ ಇರಬಹುದು, ಗುರುತು ಹಾಗಲ್ಲ. ಆದ್ದರಿಂದ ಹೆಸರು ಬಿಟ್ಟು ಗುರುತು ಹುಡುಕಿ.

ಬುಡದಲ್ಲಿ ಕಿರೀಟದ ಆಚೀಚೆ ಎರಡು ಅಕ್ಷರ ಇದೆಯಾ ಅಂತಲೂ ನೋಡಿ. ಜೋಸೆಫ್ ರಾಡ್ಜರ್ಸ್ ಅರಮನೆಗೆ ಚಾಕು ಒದಗಿಸುವವರಾದ್ದರಿಂದ ಆಳುವ ದೊರೆಯ ಅಕ್ಷರ ಹಾಕುತ್ತಿದ್ದರು. ‘ವಿ ಆರ್’ ಅಂದರೆ ವಿಕ್ಟೋರಿಯಾ, 1837ರಿಂದ 1901. ‘ಜಿ ಆರ್’ ಇದ್ದರೆ ಹುಷಾರು. ಅದು 1820ರಿಂದ 1830ರವರೆಗೆ ಆಳಿದ ನಾಲ್ಕನೇ ಜಾರ್ಜ್ ಆಗಬಹುದು, 1910ರ ನಂತರದ ಐದನೇ ಅಥವಾ ಆರನೇ ಜಾರ್ಜ್ ಕೂಡ ಆಗಬಹುದು. ಮಾರುವವರು ಯಾವಾಗಲೂ 1820 ಅಂತಲೇ ಬರೀತಾರೆ! ‘ಇಂಗ್ಲೆಂಡ್’ ಅಂತಲೂ ಇದ್ದರೆ ಹೆಚ್ಚುಕಡಿಮೆ 20ನೇ ಶತಮಾನದ್ದೇ.

ಕಾಫಿಕಣ:
ನಾಲ್ಕು ದಿನ ಎಣ್ಣೆ, ಹಲ್ಲುಕಡ್ಡಿ. ಫಲಿತಾಂಶ:
ದೊಡ್ಡ ಅಲಗು, ಮುಂದಿನ ಮಗ್ಗುಲು: ಮೊದಲ ಸಾಲಿನಲ್ಲಿ ರಾಡ್ಜರ್ಸ್ ಹಿಂದೆ ಒಂದು ದೊಡ್ಡ ‘ಡಬ್ಲ್ಯು’, ಅದರ ಪಕ್ಕ ಮೇಲಕ್ಕೆ ಎತ್ತಿ ಬರೆದ ಪುಟ್ಟ ‘ಎಮ್’. ಎರಡನೇ ಸಾಲು ಶೆಫೀಲ್ಡ್. ಅದರ ಕೆಳಗೆ ಮೂರನೇ ಸಾಲೂ ಇದೆ, ಇಂಗ್ಲೆಂಡ್.
ಹಿಂದಿನ ಮಗ್ಗುಲು: ‘ಕಟ್ ಮೈ’ ಅಂತ ಎರಡು ಪದ ಸ್ಪಷ್ಟ. ಆಚೀಚೆ ಇನ್ನೇನೋ ಇದೆ, ಓದಲಾಗುತ್ತಿಲ್ಲ. ಜಾಹೀರಾತಾ?
ನಕ್ಷತ್ರ ಇಲ್ಲ, ಶಿಲುಬೆ ಇಲ್ಲ, ಕಿರೀಟ ಇಲ್ಲ.

ಅಚ್ಚುಮೊಳೆ:
ಜಾಹೀರಾತಲ್ಲ, ಅದೇ ಗುರುತು! ಪೂರ್ತಿ ವಾಕ್ಯ ‘ಐ ಕಟ್ ಮೈ ವೇ’, ನನ್ನ ದಾರಿ ನಾನೇ ಕೊಯ್ದುಕೊಳ್ಳುತ್ತೇನೆ ಅಂತ. ಡಬ್ಲ್ಯು ಜೊತೆಗಿನ ಪುಟ್ಟ ಎಮ್ ಅಂದರೆ ವಿಲಿಯಂ, ಆ ಕಾಲದ ಸಂಕ್ಷೇಪ. ನಿಮ್ಮದು ವಿಲಿಯಂ ರಾಡ್ಜರ್ಸ್. ಆದರೆ ಇಲ್ಲೊಂದು ತಿರುವು. ವಿಲಿಯಂ ರಾಡ್ಜರ್ಸ್ ಅನ್ನೋ ಹೆಸರನ್ನೂ ಈ ಗುರುತನ್ನೂ ಹಾಕಿ ಚಾಕು ಮಾಡುತ್ತಿದ್ದದ್ದು ಶೆಫೀಲ್ಡಿನದೇ ಜಾನ್ ಕ್ಲಾರ್ಕ್ ಕಂಪನಿ. ಅಂದರೆ ಬುಡದ ಮೇಲಿನ ಹೆಸರು ಒಬ್ಬರದ್ದು, ಕುಲುಮೆ ಇನ್ನೊಬ್ಬರದ್ದು. ಚಾಕುವಿನ ವಿವರ ಬರೆದಿಡುವಾಗ ಎರಡನ್ನೂ ಬರೆಯಿರಿ.

ವಾಕ್ಯವನ್ನೇ ಗುರುತು ಮಾಡಿಕೊಳ್ಳೋದು ಶೆಫೀಲ್ಡಿನವರ ಚಾಳಿ. ಜಾರ್ಜ್ ವೊಸ್ಟೆನ್‌ಹೋಮ್ ಅವರ ‘ಐ ಎಕ್ಸ್ ಎಲ್’ ಓದಿ ನೋಡಿ, ‘ಐ ಎಕ್ಸೆಲ್’ ಅಂತ ಕೇಳುತ್ತೆ, ನಾನೇ ಮೇಲು ಅಂತ. ಥಾಮಸ್ ಟರ್ನರ್ ಅವರದ್ದು ‘ಆಂಕೋರ್’. ಇವನ್ನೆಲ್ಲ ಚಾಕುವಿನ ಮಾದರಿಯ ಹೆಸರು ಅಂದುಕೊಂಡು ಬಿಟ್ಟವರು ಬೇಕಾದಷ್ಟು ಮಂದಿ.

ಸಾಣೆಕಲ್ಲು:
ಕಾಲದ ಬಗ್ಗೆ. ‘ಇಂಗ್ಲೆಂಡ್’ ಅನ್ನೋ ಮೂರನೇ ಸಾಲು ದೊಡ್ಡ ಸುಳಿವು. ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ ಆಮದು ಸರಕಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಮಾಡಿತು, 1891ರ ಮಾರ್ಚ್‌ನಿಂದ ಜಾರಿ. ಶೆಫೀಲ್ಡಿಗೆ ಅಮೆರಿಕ ದೊಡ್ಡ ಗಿರಾಕಿ. ಹಾಗಾಗಿ ಅಚ್ಚಿನಲ್ಲೇ ದೇಶ ಸೇರಿಸುವ ರೂಢಿ ಬಂತು. ಆದರೆ ಇದನ್ನು ತಿರುಗಿಸಿ ಓದಬೇಡಿ. ‘ಇಂಗ್ಲೆಂಡ್’ ಇದ್ದರೆ ಬಹುತೇಕ 1891ರ ನಂತರದ್ದು, ಇಲ್ಲದಿದ್ದರೆ ಹಳೆಯದು ಅಂತ ಅಲ್ಲ. ಅಮೆರಿಕಕ್ಕೆ ಹೋಗದ ಸರಕಿಗೆ ಹಳೇ ಅಚ್ಚನ್ನೇ ಸವೆಯುವವರೆಗೆ ಬಳಸುತ್ತಿದ್ದರು.

ಯಾವ ವರ್ಷದವರೆಗಿನದು ಅಂತ ತಿಳಿಯಲು ಉಕ್ಕು ನೋಡಿ. ಹ್ಯಾರಿ ಬ್ರಿಯರ್ಲಿ ಶೆಫೀಲ್ಡಿನಲ್ಲೇ ಸ್ಟೇನ್‌ಲೆಸ್ ಉಕ್ಕು ಕಂಡುಕೊಂಡದ್ದು 1913ರಲ್ಲಿ. ಅದಕ್ಕಿಂತ ಹಳೆಯದು ಅಂತ ಹೇಳುವ ಚಾಕು ಸ್ಟೇನ್‌ಲೆಸ್ ಆಗಿದ್ದರೆ ಮಾತು ಅಲ್ಲಿಗೇ ಮುಗಿಯಿತು. ನಿಮ್ಮದು ಕಾರ್ಬನ್ ಉಕ್ಕು. ಆದರೆ ಕಾರ್ಬನ್ ಉಕ್ಕನ್ನು ಆಮೇಲೂ ಬಿಟ್ಟಿರಲಿಲ್ಲ, ಆದ್ದರಿಂದ ಅದೊಂದರಿಂದಲೇ ಏನೂ ಸಾಬೀತಾಗದು. ಆಯಸ್ಕಾಂತ ಹಿಡಿದು ನೋಡೋದೂ ವ್ಯರ್ಥ, ಚಾಕುವಿಗೆ ಬಳಸುವ ಸ್ಟೇನ್‌ಲೆಸ್ ಉಕ್ಕೂ ಅಂಟುತ್ತೆ.

ತುದಿಯ ಬಿಳಿ ಲೋಹ ಬಹುಶಃ ಜರ್ಮನ್ ಸಿಲ್ವರ್. ಅದು ತಾಮ್ರ, ನಿಕಲ್, ಸತುವಿನ ಮಿಶ್ರಣ. ಹೆಸರು ನೋಡಿ ಜರ್ಮನಿ ಅನ್ನಬೇಡಿ, ಬೆಳ್ಳಿಯಂತೂ ಒಂದು ಗುಲಗಂಜಿಯಷ್ಟೂ ಇಲ್ಲ.

ಈಗ ಹಿಡಿ. ಒಂದು ಪ್ರಶ್ನೆ: ತುಕ್ಕು ಎಲ್ಲಿ ಹೆಚ್ಚು? ಹೊರಗೆ ಕಾಣುವ ಅಲಗಿನ ಬೆನ್ನಿನ ಮೇಲಾ, ಮುಚ್ಚಿದಾಗ ಹಿಡಿಯೊಳಗೆ ಕೂರುವ ಭಾಗದಲ್ಲಾ?

ಕಾಫಿಕಣ:
ಒಳಗೆ ಕೂರುವ ಭಾಗದಲ್ಲೇ. ಹೊರಗಿನ ಬೆನ್ನು ಚೆನ್ನಾಗಿದೆ. ಒಳಗಿನ ಹಿತ್ತಾಳೆ ತಗಡಿನ ಅಂಚಿನಲ್ಲಿ ಹಸಿರು ಕಿಲುಬು ಕೂಡ ಇದೆ.

ಸಾಣೆಕಲ್ಲು:
ಹಾಗಾದರೆ ದಂತ ಅಲ್ಲ ಅನ್ನೋದೇ ನನ್ನ ಅಂದಾಜು, ಸೆಲ್ಯುಲಾಯ್ಡ್, ಅಂದರೆ ಹಳೇ ಕಾಲದ ಪ್ಲಾಸ್ಟಿಕ್, ಇರಬೇಕು. ಹಳೇ ಸೆಲ್ಯುಲಾಯ್ಡ್ ಒಡೆಯುತ್ತಾ ಬಂದಾಗ ಆಮ್ಲದ ಆವಿ ಬಿಡುತ್ತೆ. ಅದು ಮುಚ್ಚಿದ ಚಾಕುವಿನ ಒಳಗೇ ಸಿಕ್ಕಿಕೊಂಡು ಅಲಗನ್ನು ಒಳಗಿನಿಂದ ತಿನ್ನುತ್ತೆ, ಹಿತ್ತಾಳೆಗೆ ಕಿಲುಬು ತರುತ್ತೆ. ಮಳೆಗಾಲದ ತೇವದ ತುಕ್ಕು ಒಳಗೂ ಹೊರಗೂ ಹರಡುತ್ತೆ, ಇಷ್ಟು ನಾಜೂಕಾಗಿ ಒಳಗೆ ಮಾತ್ರ ಕೂರೋದಿಲ್ಲ.

ಖಚಿತಕ್ಕೆ ಎರಡು ಪರೀಕ್ಷೆ. ಹಿಡಿಯನ್ನು ಹೆಬ್ಬೆರಳಿನಿಂದ ಬಿಸಿಯಾಗುವವರೆಗೆ, ಒಂದರ್ಧ ನಿಮಿಷ, ಜೋರಾಗಿ ಉಜ್ಜಿ ತಕ್ಷಣ ಮೂಸಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್, ಅದನ್ನು ಮಾಡಲು ಕರ್ಪೂರ ಹಾಕುತ್ತಾರೆ. ಎರಡನೆಯದು, ಮಸೂರದಡಿ ಗೆರೆ ನೋಡಿ. ದಂತದಂತೆ ಕಾಣಲೆಂದು ಮಾಡಿದ ಸೆಲ್ಯುಲಾಯ್ಡ್‌ನಲ್ಲಿ ಗೆರೆಗಳು ಸ್ಕೇಲ್ ಇಟ್ಟು ಎಳೆದ ಹಾಗೆ ಒಂದೇ ಅಂತರದಲ್ಲಿ ಓಡುತ್ತವೆ. ನಿಜವಾದ ದಂತದ ಕೊಯ್ದ ತುದಿಯಲ್ಲಿ ಒಂದನ್ನೊಂದು ದಾಟುವ ವಕ್ರ ಗೆರೆಗಳ ಬಲೆ ಕಾಣುತ್ತೆ. ಮೂಳೆಯಾದರೆ ಸೂಜಿಮೊನೆಯಷ್ಟು ಕಪ್ಪು ಚುಕ್ಕಿ, ಸಣ್ಣ ಗೀರು.

ಕೆಂಪಗೆ ಕಾಯಿಸಿದ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತೆ, ನಂದಿಸೋದು ಸುಲಭ ಅಲ್ಲ.

ಕಾಫಿಕಣ:
ಕರ್ಪೂರವೇ. ಮೂಸಿದ ಇನ್ನೊಬ್ಬರೂ ಅದನ್ನೇ ಅಂದರು. ಗೆರೆಗಳೂ ನೇರ.

ಅಚ್ಚುಮೊಳೆ:
ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ದಂತವಾಗಿದ್ದರೆ ನಮ್ಮ ದೇಶದಲ್ಲಿ ಮಾರುವಂತಿಲ್ಲ. ಕಡವೆ ಕೊಂಬಿನ ಹಿಡಿಯ ಚಾಕುವಿಗೂ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತೆ. ಶೆಫೀಲ್ಡಿನ ಎಷ್ಟೋ ಚಾಕುಗಳ ಹಿಡಿಗೆ ಹೋದದ್ದು ಇಲ್ಲಿಂದ ಸಾಗಿದ ಕಡವೆ ಕೊಂಬೇ. ಅಂಥದ್ದನ್ನು ಕೊಳ್ಳುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ಬುಡದ ಅಚ್ಚು ಅಸಲಿಯೇ ಅಂತಲೂ ಒಮ್ಮೆ ನೋಡಿಬಿಡಿ. ತುಕ್ಕು ತಿಂದ ಸಣ್ಣ ಗುಂಡಿಗಳು ಅಕ್ಷರದ ಗೆರೆಯನ್ನು ಕಡಿದು ಹೋಗಿದ್ದರೆ ಅಚ್ಚು ಮೊದಲು, ತುಕ್ಕು ಆಮೇಲೆ. ಸರಿ. ಗುಂಡಿಯ ಮೇಲೆಯೇ ಅಕ್ಷರ ಚೂಪಾಗಿ ಕೂತಿದ್ದರೆ ಹಳೇ ಚಾಕುವಿಗೆ ಹೊಸ ಅಚ್ಚು ಹೊಡೆದಿದ್ದಾರೆ. ಇನ್ನೊಂದು, ಮೂರರಲ್ಲಿ ಒಂದು ಅಲಗಿನ ಬಣ್ಣ ಮಾತ್ರ ಬೇರೆ, ಅದರ ಕೀಲಿನ ರಿವಿಟ್ ತಲೆ ಮಾತ್ರ ಹೊಸದು ಅಂದರೆ ಅಲಗು ಬದಲಾಗಿದೆ. ಆಗ ಹೆಸರು ಆ ಅಲಗಿಗೆ ಮಾತ್ರ ಸಲ್ಲುತ್ತೆ, ಚಾಕುವಿಗಲ್ಲ.

ತೋಟದಮನೆ:
ಇದೇ ಎಳೆಯಲ್ಲಿ ಕೇಳಬಹುದಾ? ನನ್ನ ಹತ್ತಿರ ಇರುವುದರ ಅಲಗಿನ ಮೇಲೆ ‘ರೋಸ್ಟ್‌ಫ್ರೈ’ ಅಂತಿದೆ. ಆ ಕಂಪನಿಯ ಬಗ್ಗೆ ಎಲ್ಲೂ ಮಾಹಿತಿ ಸಿಗುತ್ತಿಲ್ಲ. ಪಕ್ಕದಲ್ಲಿ ‘ಡಿ ಆರ್ ಜಿ ಎಮ್’ ಅಂತಲೂ ಇದೆ.

ಅಚ್ಚುಮೊಳೆ:
ಹೋಟೆಲಿನ ಮೆನು ಥರ ಕೇಳಿಸಿದರೂ ಅದು ಕಂಪನಿ ಅಲ್ಲ. ಜರ್ಮನ್ ಭಾಷೆಯಲ್ಲಿ ತುಕ್ಕು ಹಿಡಿಯದ್ದು ಅಂತ ಅರ್ಥ, ಸ್ಟೇನ್‌ಲೆಸ್. ಫ್ರೆಂಚ್ ಚಾಕುವಾದರೆ ‘ಇನಾಕ್ಸ್’ ಅಂತಿರುತ್ತೆ. ಡಿ ಆರ್ ಜಿ ಎಮ್ ಕೂಡ ಹೆಸರಲ್ಲ. ಸಣ್ಣಪುಟ್ಟ ವಿನ್ಯಾಸಗಳಿಗೆ ಜರ್ಮನಿಯಲ್ಲಿ 1891ರಿಂದ ಕೊಡುತ್ತಿದ್ದ ನೋಂದಣಿ. ಇಂಗ್ಲಿಷ್ ಚಾಕುವಿನ ಮೇಲಿನ ‘ವಾರಂಟೆಡ್’, ‘ಕಾಸ್ಟ್ ಸ್ಟೀಲ್’, ‘ಆಯಿಲ್ ದ ಜಾಯಿಂಟ್ಸ್’ ಕೂಡ ಹೀಗೇ. ಕೊನೆಯದಂತೂ ಕೀಲಿಗೆ ಎಣ್ಣೆ ಹಾಕಿ ಅನ್ನೋ ಸೂಚನೆ ಅಷ್ಟೆ. ‘ಆರ್ಮಿ ಅಂಡ್ ನೇವಿ’ ಅಂತಿದ್ದರೆ ಅದು ಅಂಗಡಿ. ಮುಂಬೈ, ಕೋಲ್ಕತ್ತಾಗಳಲ್ಲೂ ಇತ್ತು, ಚಾಕು ಮಾಡುತ್ತಿದ್ದವರು ಬೇರೆ.

ನಿಮ್ಮದರಲ್ಲಿ ಚಿತ್ರ ಹುಡುಕಿ. ಕೈ ಹಿಡಿದ ಅವಳಿ ಮಕ್ಕಳಾದರೆ ಜರ್ಮನಿಯ ಝೋಲಿಂಗನ್ ಊರಿನ ಹೆಂಕೆಲ್ಸ್, 1731ರ ಗುರುತು. ಮರವಾದರೆ ಬೋಕರ್. ದೇಶದ ಹೆಸರು ‘ವೆಸ್ಟ್ ಜರ್ಮನಿ’ ಆಗಿದ್ದರೆ 1949ಕ್ಕಿಂತ ಹಳೆಯದಲ್ಲ. ಬುಡದ ಎರಡೂ ಮಗ್ಗುಲಿನ ಫೋಟೋ ಹಾಕಿ, ಟಾರ್ಚ್ ಮಲಗಿಸಿ ತೆಗೆದದ್ದು.

ಸಾಣೆಕಲ್ಲು:
ಕಾಫಿಕಣ, ಚಾಕುವಿನ ಜೊತೆ ಇಡುವ ಚೀಟಿಯಲ್ಲಿ ಇಷ್ಟು ಬರೆದರೆ ಸಾಕು: ‘ವಿಲಿಯಂ ರಾಡ್ಜರ್ಸ್ ಗುರುತು, ಜಾನ್ ಕ್ಲಾರ್ಕ್, ಶೆಫೀಲ್ಡ್. ಕಾರ್ಬನ್ ಉಕ್ಕು, ಮೂರು ಅಲಗು, ಸೆಲ್ಯುಲಾಯ್ಡ್ ಹಿಡಿ. 1891ರ ನಂತರ.’ ಅದಕ್ಕಿಂತ ಬಿಗಿಯಾದ ವರ್ಷ ಹಾಕಿದರೆ ಊಹೆಯಾಗುತ್ತೆ. ಡಬ್ಬಿಯಲ್ಲಿ ಮುಚ್ಚಿಡಬೇಡಿ, ಬೇರೆ ಚಾಕುಗಳ ಜೊತೆಗೂ ಇಡಬೇಡಿ, ಆ ಆವಿ ಪಕ್ಕದವನ್ನೂ ತಿನ್ನುತ್ತೆ. ಬಿಸಿಲು ಬೀಳದ, ಗಾಳಿಯಾಡುವ ಕಡೆ, ಅಲಗು ಅರ್ಧ ಬಿಡಿಸಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ. ತಿಂಗಳಿಗೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸಿ. ಹಿಡಿಯಲ್ಲಿ ಸಣ್ಣ ಬಿರುಕು ಜಾಲದಂತೆ ಹರಡತೊಡಗಿದರೆ ಇಲ್ಲಿ ತಿಳಿಸಿ.