ಸಹಾಯ ಬೇಕು: ಒಸಾ ಕ್ಷಿಪಣಿ ವಾಹನದ ಆ ಎರಡು ಚಿಕ್ಕ ತಟ್ಟೆಗಳ ಕೆಲಸ ಏನು?

ನಮಸ್ಕಾರ. ವಿಮಾನಗಳನ್ನು ಹೊಡೆದುರುಳಿಸುವ, ಸೋವಿಯತ್ ಕಾಲದ ಒಸಾ ಕ್ಷಿಪಣಿ ವಾಹನದ ಬಗ್ಗೆ ಕನ್ನಡದಲ್ಲಿ ಒಂದು ಸಚಿತ್ರ ಲೇಖನ ಬರೆಯುತ್ತಿದ್ದೇನೆ. ಚಿತ್ರದ ವಿವರಣೆ ಬರೆಯುವಾಗ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

1971ರಲ್ಲಿ ಸೋವಿಯತ್ ಸೇನೆಗೆ ಬಂದ ಗಾಡಿ ಇದು. ಹುಡುಕುವ ರೇಡಾರ್, ಗುರಿ ಹಿಂಬಾಲಿಸುವ ರೇಡಾರ್, ಕ್ಷಿಪಣಿ ಎಲ್ಲವೂ ಆರು ಚಕ್ರದ ಒಂದೇ ವಾಹನದ ಮೇಲೆ. ನೀರಿನಲ್ಲೂ ಈಜುತ್ತದೆ! ಮೊದಲ ಮಾದರಿಯಲ್ಲಿ ನಾಲ್ಕು ಕ್ಷಿಪಣಿ ಬಯಲಲ್ಲೇ ಕೂತಿದ್ದವು. ಆಮೇಲಿನ ಒಸಾ-ಎಕೆಯಲ್ಲಿ ಆರು, ಮುಚ್ಚಿದ ಡಬ್ಬಿಗಳಲ್ಲಿ. ನಮ್ಮ ಭೂಸೇನೆ ಬಳಸಿದ್ದೂ ಇದನ್ನೇ.

ತೊಡಕಿರುವುದು ಮುಂಭಾಗದಲ್ಲಿ. ಮಧ್ಯೆ ಗುರಿ ಹಿಂಬಾಲಿಸುವ ದೊಡ್ಡ ಆಂಟೆನಾ. ಅದರ ಎಡಬಲಕ್ಕೆ ತಟ್ಟೆಯಂಥ ಒಂದೊಂದು ಚಿಕ್ಕ ಆಂಟೆನಾ. ಇವೆರಡರಿಂದ ಒಂದೇ ಗುರಿಯತ್ತ ಎರಡು ಕ್ಷಿಪಣಿಗಳನ್ನು ಬೇರೆ ಬೇರೆ ತರಂಗಾಂತರದಲ್ಲಿ ನಡೆಸಬಹುದು, ಅಷ್ಟು ಅರ್ಥವಾಗಿದೆ. ಆದರೆ ಒಸಾದ ಕ್ಷಿಪಣಿಗೆ ಸ್ವಂತ ಕಣ್ಣಿಲ್ಲ. ನೆಲದಿಂದ ಬರುವ ರೇಡಿಯೋ ಆಜ್ಞೆಯಂತೆ ತಿರುಗುತ್ತದೆ. ಹಾಗಾದರೆ ಆಜ್ಞೆ ಕೊಡುವ ಮೊದಲು ಕ್ಷಿಪಣಿ ಎಲ್ಲಿದೆ ಅಂತ ಗಾಡಿಗೆ ಗೊತ್ತಾಗಬೇಕು ಅಲ್ವಾ?

ಇಂಗ್ಲಿಷ್ ಲೇಖನಗಳನ್ನು ಓದಿದೆ. ಹೆಚ್ಚಿನವು ‘ಆಜ್ಞೆ ಕಳಿಸುವ ಆಂಟೆನಾ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತವೆ. ಗಣರಾಜ್ಯೋತ್ಸವ ಪಥಸಂಚಲನದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದರೂ ಆಕಾರ ಕಾಣುತ್ತದೆ, ಕೆಲಸ ತಿಳಿಯುವುದಿಲ್ಲ. ಸುಮ್ನೆ ಊಹಿಸಿ ಬರೆಯಲು ನನಗೆ ಇಷ್ಟವಿಲ್ಲ, ಓದುವವರಲ್ಲಿ ಮಕ್ಕಳೂ ಇರುತ್ತಾರೆ.

ರೇಡಾರ್ ಬಲ್ಲವರು ಹೇಳಿ: ಆ ಚಿಕ್ಕ ತಟ್ಟೆಗಳು ಆಜ್ಞೆ ಮಾತ್ರ ಕಳಿಸುತ್ತವೆಯೋ, ಅಥವಾ ಹಾರುತ್ತಿರುವ ಕ್ಷಿಪಣಿಯ ಜಾಗವನ್ನೂ ಅವೇ ಪತ್ತೆ ಹಚ್ಚುತ್ತವೆಯೋ?