ವಾಷಿಂಗ್ ಮಷಿನ್ ಜಾಗ ಬದಲಿಸಿದ ಮೇಲೆ ಸಿಂಕಿನಲ್ಲಿ ಗುಳುಗುಳು ಸದ್ದು, ಮನೆಯಲ್ಲಿ ದುರ್ವಾಸನೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಬಾಗಲಕೋಟೆಯ ನವನಗರದಲ್ಲಿ ಒಂದೇ ಅಂತಸ್ತಿನ ಮನೆ. ನಮ್ಮ ಫ್ರಂಟ್ ಲೋಡ್ ಮಷಿನ್ ಇಷ್ಟು ದಿನ ಹಿತ್ತಲಿನಲ್ಲಿ ಒಗೆಯುವ ಕಲ್ಲಿನ ಪಕ್ಕದಲ್ಲಿತ್ತು. ಅದರ ನೀರು ಕಲ್ಲಿನ ಮೇಲೆ ಬಿದ್ದು ಹರಿದುಹೋಗುತ್ತಿತ್ತು. ಬಿಸಿಲಿಗೂ ಧೂಳಿಗೂ ಹಾಳಾಗುತ್ತದೆಂದು ಕಳೆದ ತಿಂಗಳು ಅದನ್ನು ಅಡುಗೆಮನೆಯ ಮೂಲೆಗೆ ತಂದೆವು. ಕೆಲಸಕ್ಕೆ ಬಂದವರು ಮಷಿನ್ನಿನ ಡ್ರೇನ್ ಹೋಸನ್ನು ನೆಲದ ಹತ್ತಿರ ಸಿಂಕಿನ ವೇಸ್ಟ್ ಪೈಪಿಗೆ ಸೇರಿಸಿ, ಸಂದು ಉಳಿಯದಂತೆ ಸೀಲ್ ಮಾಡಿದರು. ಅಂದಿನಿಂದ ಮಷಿನ್ ನೀರು ಬಿಡುವಾಗ ಸಿಂಕಿನಲ್ಲಿ ಗುಳುಗುಳು ಸದ್ದಾಗುತ್ತದೆ, ಬಳಿಕ ಕೊಳಚೆಯ ವಾಸನೆ ಬರುತ್ತದೆ. ಕೆಲವೊಮ್ಮೆ ಮಷಿನ್ ನೀರು ತುಂಬಿಕೊಳ್ಳುತ್ತಲೇ ಇರುತ್ತದೆ, ಒಗೆಯಲು ಶುರುಮಾಡುವುದೇ ಇಲ್ಲ. ಪೈಪ್ ಕಟ್ಟಿಕೊಂಡಿದೆಯೇ, ಮಷಿನ್ ಕೆಟ್ಟಿದೆಯೇ?

ಉತ್ತರ: ನಮಸ್ಕಾರ ಮೇಡಂ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಮಷಿನ್ ಕೆಟ್ಟಿಲ್ಲ, ಪೈಪ್ ಪೂರ್ತಿ ಕಟ್ಟಿಕೊಂಡೂ ಇಲ್ಲ. ನೀರಿಗೆ ದಾರಿ ಮಾಡಿಕೊಟ್ಟವರು ಗಾಳಿಗೆ ದಾರಿ ಬಿಟ್ಟಿಲ್ಲ. ಹಿತ್ತಲಿನಲ್ಲಿ ಹೋಸಿನ ತುದಿ ಬಯಲಿಗೆ ತೆರೆದಿದ್ದುದರಿಂದ ಈ ಮಾತೇ ಹುಟ್ಟಿರಲಿಲ್ಲ.

ಮೊದಲು ವಾಸನೆಯ ವಿಷಯ. ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪಿನಲ್ಲಿ ಸುಮಾರು 50 ಮಿ.ಮೀ. ನೀರು ಸದಾ ನಿಂತಿರಬೇಕು; ಚೇಂಬರಿನ (ಮನೆಯ ಕೊಳಚೆ ನೀರು ಸೇರುವ ಹೊರಗಿನ ಗುಂಡಿಯ) ಗಾಳಿ ಮನೆಯೊಳಗೆ ಬರದಂತೆ ತಡೆಯುವುದು ಆ ನೀರು ಮಾತ್ರ. ಸಿಂಕಿನ ನೀರು ಸಣ್ಣಗೆ ಹರಿಯುತ್ತದೆ, ಆದರೆ ಮಷಿನ್ನಿನ ಪಂಪು ರಭಸದಿಂದ ನೂಕುವ ನೀರು 40 ಮಿ.ಮೀ. ಪೈಪನ್ನು ಇಡಿಯಾಗಿ ತುಂಬಿಕೊಂಡು ಮುಂದೆ ಸಾಗುವಾಗ ತನ್ನ ಹಿಂದೆ ಗಾಳಿಯ ಕೊರತೆಯನ್ನು ಉಂಟುಮಾಡುತ್ತದೆ. ಬೇರೆ ದಾರಿ ಕಾಣದ ಗಾಳಿ ಟ್ರ್ಯಾಪಿನ ನೀರನ್ನು ಎಳೆದುಕೊಂಡೇ ಒಳಗೆ ನುಗ್ಗುತ್ತದೆ. ನೀವು ಕೇಳುತ್ತಿರುವ ಸದ್ದು ಅದೇ. ಟ್ರ್ಯಾಪ್ ಬರಿದಾದ ಮೇಲೆ ವಾಸನೆಗೆ ತಡೆಯಿಲ್ಲ. ಇನ್ನೊಂದು ದೋಷವೂ ಇದೆ: ಹೋಸನ್ನು ಟ್ರ್ಯಾಪಿನ ಆಚೆಗೆ ಸೇರಿಸಿರುವುದರಿಂದ ಮಷಿನ್ನಿಗೂ ಚೇಂಬರಿಗೂ ನಡುವೆ ನೀರಿನ ತಡೆಯೇ ಇಲ್ಲ.

ಮಷಿನ್ ತುಂಬದೆ ಇರುವುದಕ್ಕೆ ಕಾರಣ ಬೇರೆ. ಹೋಸಿನ ತುದಿ ಡ್ರಮ್ಮಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದು, ಪೈಪಿಗೆ ಸೇರುವ ಕಡೆ ಗಾಳಿಯಾಡದಂತೆ ಸೀಲ್ ಮಾಡಿದ್ದರೆ, ಕ್ಯಾನಿನಿಂದ ಸೀಮೆಎಣ್ಣೆಯನ್ನು ನಳಿಗೆಯಲ್ಲಿ ಎಳೆದು ಬಿಟ್ಟಂತೆ, ಪಂಪು ನಿಂತಿದ್ದರೂ ನೀರು ತಾನಾಗಿಯೇ ಹರಿದುಹೋಗುತ್ತದೆ. ಮಷಿನ್ ತುಂಬುತ್ತದೆ, ಹೋಸು ಖಾಲಿ ಮಾಡುತ್ತದೆ. ನಮ್ಮ ಕಡೆ ನಲ್ಲಿ ನೀರು ದಿನಬಿಟ್ಟು ದಿನ ಬರುವ ಮನೆಗಳಲ್ಲಿ ಹೀಗೆ ನೀರು ಪೋಲಾಗುವುದನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಪರಿಹಾರವಾಗಿ ಸಿಂಕಿನ ಪೈಪಿನಿಂದ ಹೋಸನ್ನು ಬಿಡಿಸಿ, ಮಷಿನ್ನಿಗೆಂದೇ 50 ಮಿ.ಮೀ. ಪಿವಿಸಿ ಪೈಪನ್ನು ಗೋಡೆಗೆ ನೇರವಾಗಿ ನಿಲ್ಲಿಸಿ. ಅದರ ಬಾಯಿ ನೆಲದಿಂದ 60ರಿಂದ 100 ಸೆಂ.ಮೀ. ಎತ್ತರದಲ್ಲಿರಲಿ, ಸರಿಯಾದ ಅಳತೆ ನಿಮ್ಮ ಮಷಿನ್ನಿನ ಕೈಪಿಡಿಯಲ್ಲಿರುತ್ತದೆ. ಬುಡದಲ್ಲಿ ಪಿ-ಟ್ರ್ಯಾಪ್, ಅಂದರೆ ಸ್ವಲ್ಪ ನೀರು ಸದಾ ನಿಲ್ಲುವ ಬಾಗಿದ ಪೈಪ್, ಹಾಕಿಸಿ. ಹೋಸಿನ ಕೊಕ್ಕೆಯನ್ನು ಪೈಪಿನೊಳಗೆ ಒಂದು ಗೇಣಿನಷ್ಟು ಮಾತ್ರ ಇಳಿಸಿ, ಸುತ್ತಲಿನ ಸಂದನ್ನು ಹಾಗೆಯೇ ಬಿಡಿ. ಆ ಸಂದನ್ನು ಮುಚ್ಚಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಹೊರಗೋಡೆಯ ಹತ್ತಿರ ಗಲ್ಲಿ ಟ್ರ್ಯಾಪ್ (ಮನೆಯ ಬಳಕೆ ನೀರು ಚೇಂಬರಿಗೆ ಹೋಗುವ ಮೊದಲು ಬೀಳುವ, ಜಾಲರಿ ಮುಚ್ಚಿದ, ಒಳಗೆ ನೀರು ನಿಲ್ಲುವ ಗುಂಡಿ) ಇದ್ದರೆ ಈ ಪೈಪನ್ನು ಗೋಡೆ ದಾಟಿಸಿ, ಅದರ ಜಾಲರಿಯ ಕೆಳಗೆ, ನಿಂತ ನೀರಿಗಿಂತ ಮೇಲೆ ಬಿಡಿ. ತುದಿ ಬಯಲಿಗೆ ತೆರೆದಿರುವುದರಿಂದ ನಿಮ್ಮಂತಹ ಮನೆಗೆ ಬೇರೆ ವೆಂಟ್ ಪೈಪ್ (ಗಾಳಿಯಾಡಲು ಹಾಕುವ ಪೈಪ್) ಬೇಕಾಗುವುದಿಲ್ಲ. ಗಲ್ಲಿ ಟ್ರ್ಯಾಪ್ ಎಷ್ಟು ದೂರದಲ್ಲಿದೆ ಎಂದು ತಿಳಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ನಾವು ವಿಜಯಪುರದಲ್ಲಿ ಮೇಲಂತಸ್ತಿನಲ್ಲಿದ್ದೇವೆ. ಮಷಿನ್ ಮೇಲೆ ತಂದಾಗಿನಿಂದ ಕೆಳಗಿನ ಮನೆಯ ಬಚ್ಚಲಿನ ನಹಾನಿ ಟ್ರ್ಯಾಪಿನಿಂದ (ನೆಲದ ನೀರು ಹೋಗುವ ಜಾಲರಿಯ ಕಡೆಯಿಂದ) ನೊರೆ ಉಕ್ಕುತ್ತಿದೆಯಂತೆ.

ಉತ್ತರ: ನಿಮಗೆ ವೆಂಟ್ ಬೇಕೇ ಬೇಕು ಸರ್. ನೇರವಾಗಿ ಇಳಿಯುವ ಪೈಪ್ ಬುಡದಲ್ಲಿ ತಿರುಗುವ ಕಡೆ ನೀರು ನಿಧಾನವಾಗಿ, ನೊರೆ ಶೇಖರವಾಗಿ ಒತ್ತಡ ಹೆಚ್ಚುತ್ತದೆ. ಆ ತಿರುವಿನ ಹತ್ತಿರವೇ ಕೆಳಮನೆಯ ಬಚ್ಚಲಿನ ಪೈಪ್ ಸೇರಿದ್ದರೆ ನೊರೆ ಅಲ್ಲಿ ಮೇಲೇಳುತ್ತದೆ. ಕೆಳಗಿನ ಬಚ್ಚಲನ್ನು ಪ್ರತ್ಯೇಕವಾಗಿ ಚೇಂಬರಿಗೆ ಸೇರಿಸುವುದೇ ಶಾಶ್ವತ ಪರಿಹಾರ. ಜೊತೆಗೆ ಇಳಿಯುವ ಪೈಪನ್ನು ಮಾಳಿಗೆಯ ಮೇಲಕ್ಕೆ ಮುಂದುವರಿಸಿ, ತುದಿಗೆ ಕೌಲ್ (ಗಾಳಿಯಾಡುವ ಮುಚ್ಚಳ) ಹಾಕಿಸಿ. ಜನ ಓಡಾಡುವ ಮಾಳಿಗೆಯಾದರೆ ಅದು ಕನಿಷ್ಠ 2 ಮೀಟರ್ ಎತ್ತರಕ್ಕೆ ಹೋಗಬೇಕು. ಬೇಸಿಗೆಯಲ್ಲಿ ನಾವು ಮಲಗುವುದೂ ಸಂಡಿಗೆ ಒಣಗಿಸುವುದೂ ಅಲ್ಲಿಯೇ ಅಲ್ಲವೇ? ಮಷಿನ್ ಫ್ರಂಟ್ ಲೋಡ್ ಆಗಿದ್ದರೆ ಅದಕ್ಕೆಂದೇ ಬರುವ ಕಡಿಮೆ ನೊರೆಯ ಪುಡಿಯನ್ನೇ ಬಳಸಿ.

ಮೊದಲು ಕೇಳಿದವರು: ಗಲ್ಲಿ ಟ್ರ್ಯಾಪ್ ಸುಮಾರು 8 ಅಡಿ ದೂರದಲ್ಲಿದೆ ಸರ್. ನೆಲ ಒಡೆಯಬೇಕಾಗುತ್ತದೆಯೇ? ಹೊಸ ಟೈಲ್ಸ್ ಹಾಕಿಸಿದ್ದೇವೆ.

ಉತ್ತರ: ಬೇಡ ಮೇಡಂ. ಟ್ರ್ಯಾಪ್ ನೆಲದ ಮೇಲೆಯೇ ಇರಲಿ, ಪೈಪನ್ನು ಗೋಡೆಯ ಬುಡಕ್ಕೆ ಕ್ಲ್ಯಾಂಪ್ ಹಾಕಿ ಒಯ್ಯಬಹುದು; ಗೋಡೆಯಲ್ಲಿ ಒಂದು ರಂಧ್ರ ಸಾಕು. ಅಡಿಗೆ ಕಾಲು ಇಂಚಿನಂತೆ 8 ಅಡಿಗೆ 2 ಇಂಚು ಇಳಿಜಾರು ಕೊಡಿಸಿ, ಮಟ್ಟಗೋಲು ಇಟ್ಟು ನಿಮ್ಮೆದುರೇ ನೋಡಿಸಿಕೊಳ್ಳಿ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ಒಡೆದು ಬಿಳಿ ಗಸಿಯಾಗಿ, ಬಟ್ಟೆಯ ನೂಲಿನೊಂದಿಗೆ ಪೈಪಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ತಿರುವಿನಲ್ಲಿ, ತೆಗೆದು ಸ್ವಚ್ಛ ಮಾಡಬಹುದಾದ ಬಾಗಿಲಿರುವ ಬೆಂಡನ್ನೇ ಹಾಕಿಸಿ, ಆ ಬಾಗಿಲು ಗೋಡೆಯ ಕಡೆಗಲ್ಲದೆ ನಿಮ್ಮ ಕೈಗೆ ಸಿಗುವಂತೆ ಹೊರಮುಖವಾಗಿರಲಿ. ಕೆಲಸ ಮುಗಿದ ದಿನ ಸಿಂಕಿನ ಟ್ರ್ಯಾಪಿಗೆ ಒಂದು ತಂಬಿಗೆ ನೀರು ಹಾಕಿ, ಮಷಿನ್ ಒಮ್ಮೆ ಪೂರ್ತಿ ನೀರು ಬಿಡುವವರೆಗೆ ಪಕ್ಕದಲ್ಲಿ ನಿಂತು ಕೇಳಿ. ಸಿಂಕಿನಲ್ಲಿ ಸದ್ದು ಬಾರದಿದ್ದರೆ ಮಾತ್ರ ಕೆಲಸದವರ ಉಳಿದ ಹಣವನ್ನು ಕೊಡಿ.