ಸಹಾಯ ಬೇಕು: ‘ಸಾಕ್ಷಿ’ಯ ಹಳೆಯ ಸಂಚಿಕೆಗಳು

ಸೋದರಮಾವನ ಟ್ರಂಕಿನಲ್ಲಿ ‘ಸಾಕ್ಷಿ’ಯ ಏಳೆಂಟು ಸಂಚಿಕೆಗಳು ಸಿಕ್ಕಿವೆ. ಗೋಪಾಲಕೃಷ್ಣ ಅಡಿಗರು 1962ರಲ್ಲಿ ಶುರು ಮಾಡಿದ ಪತ್ರಿಕೆ, ನಿಂತು ಎಷ್ಟೋ ಕಾಲವಾಯಿತು. ಅಂಚೆಲ್ಲ ಗೆದ್ದಲು ತಿಂದಿದೆ. ಮೊದಲ ವರ್ಷದ್ದು ಒಂದೂ ಇಲ್ಲ. ಯಾರ ಮನೆಯಲ್ಲಾದರೂ ಇದೆಯಾ? ಕೊಡುವುದು ಬೇಡ, ಅಲ್ಲೇ ಕೂತು ಓದಿ ಹೋಗುತ್ತೇನೆ. ಕಾಫಿ ಕೊಟ್ಟರೆ ಬೇಡ ಅನ್ನುವುದಿಲ್ಲ!

ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚುವ ಆಸೆಯೂ ಇದೆ. ಆದರೆ ಪತ್ರಿಕೆ ನಿಂತ ಮಾತ್ರಕ್ಕೆ ಬರಹದ ಹಕ್ಕು ಹೋಗುವುದಿಲ್ಲ ಅಲ್ವಾ? ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಅಡಿಗರು ಹೋದದ್ದು 1992ರಲ್ಲಿ. ಅಂದರೆ ಅವರ ಬರಹಗಳಿಗೇ 2052ರವರೆಗೆ ಕಾಯಬೇಕು. ಉಳಿದ ಲೇಖಕರ ಮನೆಯವರನ್ನೆಲ್ಲ ಹುಡುಕುವುದು ಹೇಗೆ? ಇಂಥ ಅನುಮತಿ ಪಡೆದವರು ಇದ್ದರೆ ದಯವಿಟ್ಟು ದಾರಿ ತಿಳಿಸಿ.